ತಲೆಯೊಳಗೆ ರಕ್ತ ಅಂದರೆ ಕ್ಯಾನ್ಸರ್ ತಲೆಗೇರಿತು ಅಂತಲೇ?

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಮೂರು ತಿಂಗಳಿಗೊಮ್ಮೆ ಹಾರ್ಮೋನ್ ಇಂಜೆಕ್ಷನ್ ನಡೀತಿದೆ. ಹೃದಯಕ್ಕೆ ಅಂತ ಆಸ್ಪಿರಿನ್ ಕೂಡ ತಗೋತಾರೆ. ಎರಡು ವಾರದಿಂದ ತಲೆನೋವು, ಹಗಲೆಲ್ಲ ಮಂಪರು, ಎಡಗಾಲು ಎಳೆದು ಹಾಕ್ತಾರೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಮೆದುಳಿನ ಬಲಗಡೆ ಸುತ್ತ ರಕ್ತ ಇದೆ ಅಂದರು. ಕ್ಯಾನ್ಸರ್ ತಲೆಗೆ ಹತ್ತಿದೆ, ಇನ್ನು ಸುಮ್ನೆ ಹಿಂಸೆ ಕೊಡಬೇಡಿ, ಮನೆಗೆ ಕರ್ಕೊಂಡು ಹೋಗಿ ಅಂತ ನೆಂಟರು ಹೇಳ್ತಿದ್ದಾರೆ. ಒಂದೂವರೆ ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ತಲೆಗೆ ಸಣ್ಣ ಪೆಟ್ಟಾಗಿತ್ತು. ಆಗ ಏನೂ ತೊಂದರೆ ಇರಲಿಲ್ಲ.
– ಹೆಸರು ಬೇಡ, ದಾವಣಗೆರೆ

ಉತ್ತರ: ಮನೆಗೆ ಕರೆದುಕೊಂಡು ಹೋಗಬೇಡಿ. ಇವತ್ತೇ ನ್ಯೂರೋಸರ್ಜನ್‌ಗೆ ತೋರಿಸಿ. ನೀವು ಕೊನೆಯಲ್ಲಿ ಬರೆದ ಆ ಬಚ್ಚಲಿನ ವಿಷಯವನ್ನು ಅವರಿಗೆ ಮೊದಲು ಹೇಳಿ, ಅದು ನಿಮ್ಮ ಪತ್ರದ ಅತಿ ಮುಖ್ಯ ಸಾಲು.

ತಲೆಬುರುಡೆಯ ಒಳಮೈಗೆ ಡ್ಯೂರಾ ಅನ್ನೋ ಗಟ್ಟಿ ಪೊರೆ ಅಂಟಿಕೊಂಡಿರುತ್ತದೆ. ಮೆದುಳಿನಿಂದ ಆ ಪೊರೆಗೆ ಸಣ್ಣ ರಕ್ತನಾಳಗಳು ಹಾದು ಹೋಗುತ್ತವೆ. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ, ನಡುವೆ ಜಾಗ ಜಾಸ್ತಿಯಾಗುತ್ತದೆ, ಆ ನಾಳಗಳು ಎಳೆದು ಹಿಡಿದ ಹಾಗೆ ಬಿಗಿಯಾಗಿರುತ್ತವೆ. ಆಗ ಒಂದು ಸಣ್ಣ ಪೆಟ್ಟು ಸಾಕು. ನಾಳ ಹರಿದು ರಕ್ತ ನಿಧಾನಕ್ಕೆ ಜಿನುಗುತ್ತದೆ. ಗಾಯ ಇಲ್ಲ, ಊತ ಇಲ್ಲ, ಮನೆಯವರು ಮರೆತೂ ಬಿಟ್ಟಿರುತ್ತಾರೆ. ಅಷ್ಟರಲ್ಲಿ ದೇಹ ಆ ರಕ್ತದ ಸುತ್ತ ಒಂದು ತೆಳು ಪದರ ಕಟ್ಟುತ್ತದೆ, ಆ ಪದರದಲ್ಲಿ ಹುಟ್ಟುವ ಹೊಸ ನಾಳಗಳು ತೀರಾ ದುರ್ಬಲ, ಅವು ಮತ್ತೆ ಮತ್ತೆ ಸೋರುತ್ತವೆ. ಹೀಗೆ ಮೂರು ವಾರ, ಆರು ವಾರ ಕಳೆದ ಮೇಲೆ ಮೆದುಳು ಒತ್ತಿದಂತಾಗಿ ತಲೆನೋವು, ಮಂಪರು, ಒಂದು ಕಡೆ ಬಲ ಕಡಿಮೆಯಾಗುವುದು ಶುರುವಾಗುತ್ತದೆ. ಒಂದು ಕಾಲಿನ ಚಪ್ಪಲಿ ಜಾರಿ ಹಿಂದೆ ಬಿದ್ದಿದ್ದರೂ ಗೊತ್ತಾಗದೆ ಹಾಗೇ ನಡೆದು ಹೋಗುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಇದನ್ನು ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ ಅನ್ನುತ್ತಾರೆ. ಕ್ಯಾನ್ಸರ್‌ನ ಗಂಧಗಾಳಿ ಇಲ್ಲದ ಹಿರಿಯರಿಗೂ ಇದು ಬರುತ್ತದೆ. ಆಸ್ಪಿರಿನ್ ತಗೊಳ್ಳುವವರಿಗೆ ಅಪಾಯ ಇನ್ನೂ ಜಾಸ್ತಿ. ಹಾರ್ಮೋನ್ ಇಂಜೆಕ್ಷನ್‌ನಿಂದ ಮಾಂಸಖಂಡ ಸೊರಗಿ ಕಾಲಿನ ಬಲ ಕುಗ್ಗುತ್ತದೆ, ಹಾಗಾಗಿ ಬೀಳುವುದೂ ಜಾಸ್ತಿ. ನಿಮ್ಮ ತಂದೆಯ ವಿಷಯದಲ್ಲಿ ಕ್ಯಾನ್ಸರ್‌ನ ಪಾತ್ರ ಇಷ್ಟೇ ಆಗಿರಬಹುದು.

ಆದರೆ ಇನ್ನೊಂದು ಸಾಧ್ಯತೆಯನ್ನು ಮುಚ್ಚಿಡಲಾರೆ. ಪ್ರಾಸ್ಟೇಟ್, ಸ್ತನ, ಶ್ವಾಸಕೋಶದ ಕ್ಯಾನ್ಸರ್‌ಗಳು ಕೆಲವರಲ್ಲಿ ಡ್ಯೂರಾ ಪೊರೆಯ ಮೇಲೇ ಹೋಗಿ ಕೂರುತ್ತವೆ, ಪ್ರಾಸ್ಟೇಟ್ ಕ್ಯಾನ್ಸರ್ ಬಹಳ ಸಲ ತಲೆಬುರುಡೆಯ ಮೂಳೆಯ ದಾರಿ ಹಿಡಿದು ಬರುತ್ತದೆ. ಅಲ್ಲಿನ ರಕ್ತನಾಳಗಳಿಗೆ ಅಡ್ಡಿಯಾಗಿ ಪೊರೆಯ ಒಳಗೆ ರಕ್ತ ಸೋರುತ್ತದೆ. ಸಾದಾ ಸಿ.ಟಿ.ಯಲ್ಲಿ ಎರಡೂ ಒಂದೇ ತರಹ ಕಾಣಬಹುದು. ಹಾಗಾಗಿ ಕ್ಯಾನ್ಸರ್ ಇರುವವರಲ್ಲಿ ವೈದ್ಯರು ಕೆಲವು ವಿಷಯ ಹೆಚ್ಚಿಗೆ ನೋಡುತ್ತಾರೆ. ಮೂಳೆಯಲ್ಲಿ ಬದಲಾವಣೆ ಇದೆಯಾ, ಪಿ.ಎಸ್.ಎ. (ಪ್ರಾಸ್ಟೇಟ್ ಕ್ಯಾನ್ಸರ್‌ನ ಏರಿಳಿತ ತಿಳಿಸುವ ರಕ್ತ ಪರೀಕ್ಷೆ) ಏರುತ್ತಿದೆಯಾ, ಪೊರೆ ಅಲ್ಲಲ್ಲಿ ಗಂಟುಗಂಟಾಗಿ ದಪ್ಪವಾಗಿದೆಯಾ, ಬಿದ್ದ ಇತಿಹಾಸವೇ ಇಲ್ಲದೆ ರಕ್ತ ಬಂದಿದೆಯಾ, ತೆಗೆದ ಮೇಲೆ ಬೇಗ ಮತ್ತೆ ತುಂಬಿತಾ. ಇದನ್ನು ತಿಳಿಯಲು ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ಔಷಧಿ) ಹಾಕಿ ಎಂ.ಆರ್.ಐ. ಮಾಡುತ್ತಾರೆ. ಆಪರೇಷನ್ ಆದರೆ ಪೊರೆಯ ಒಂದು ಚೂರನ್ನು ಪರೀಕ್ಷೆಗೆ ಕಳಿಸುತ್ತಾರಾ ಅಂತ ನೀವೇ ಕೇಳಿ. ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಈ ವ್ಯತ್ಯಾಸ ಯಾಕೆ ಮುಖ್ಯ ಗೊತ್ತಾ? ಚಿಕಿತ್ಸೆಯೇ ಬದಲಾಗುತ್ತದೆ. ಗೆಡ್ಡೆಯ ಸುತ್ತ ಊತ ಇದ್ದರೆ ಸ್ಟೀರಾಯ್ಡ್‌ನಿಂದ ಉಪಯೋಗ ಇದೆ. ಬರೀ ಹಳೆಯ ರಕ್ತ ನಿಂತಿದ್ದಾಗ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಕೊಟ್ಟರೆ ರೋಗಿಗಳ ಸ್ಥಿತಿ ಒಟ್ಟಾರೆ ಕೆಟ್ಟದಾಗುತ್ತದೆ ಅಂತ 2020ರಲ್ಲಿ ಬ್ರಿಟನ್‌ನ ಒಂದು ದೊಡ್ಡ ಅಧ್ಯಯನ ತೋರಿಸಿತು. ಪೊರೆಯ ಮೇಲೆ ಕ್ಯಾನ್ಸರ್ ಇದೆ ಅಂತಾದರೆ ರೇಡಿಯೇಷನ್ ಅಥವಾ ಔಷಧಿ ಬದಲಿಸುವ ಯೋಚನೆ ಬರುತ್ತದೆ.

ಬರೀ ಹಳೆಯ ರಕ್ತ ಆಗಿದ್ದರೆ ಬುರುಡೆಯಲ್ಲಿ ಒಂದೋ ಎರಡೋ ಸಣ್ಣ ತೂತು ಕೊರೆದು ಹೊರಗೆ ಬಿಡುತ್ತಾರೆ. ಹಳೆಯ ಎಂಜಿನ್ ಆಯಿಲ್‌ನ ಹಾಗೆ ಕಪ್ಪಗೆ, ತೆಳ್ಳಗೆ ಹರಿದು ಬರುತ್ತದೆ. ಎಷ್ಟೋ ಜನರಿಗೆ ಬರೀ ಲೋಕಲ್ ಅನಸ್ತೇಷಿಯಾದಲ್ಲೇ ಮಾಡುತ್ತಾರೆ. ಆಮೇಲೆ ಒಂದೆರಡು ದಿನ ಒಂದು ಸಣ್ಣ ನಳಿಕೆ ಬಿಟ್ಟಿರುತ್ತಾರೆ. ಅದನ್ನು ನೋಡಿ ಗಾಬರಿಯಾಗಬೇಡಿ. ನಳಿಕೆ ಇಲ್ಲದವರಲ್ಲಿ ಶೇ. 24ರಷ್ಟು ಜನರಿಗೆ ಮತ್ತೆ ತುಂಬಿದ್ದು, ಇಟ್ಟವರಲ್ಲಿ ಶೇ. 9ರಷ್ಟಕ್ಕೆ ಇಳಿದಿದ್ದನ್ನು 2009ರಲ್ಲಿ ಕೇಂಬ್ರಿಡ್ಜ್‌ನ ವೈದ್ಯರು ಪ್ರಕಟಿಸಿದರು. ಆಪರೇಷನ್ ಆದ ಮರುದಿನವೇ ಕಾಲು ಎತ್ತಿ ನಡೆಯುವವರು ಇದ್ದಾರೆ. ಪ್ರಾಸ್ಟೇಟ್ ಕ್ಯಾನ್ಸರ್ ಜೊತೆ ಎಷ್ಟೋ ವರ್ಷ ಬದುಕುವವರಿದ್ದಾರೆ. ಅಂಥವರನ್ನು ತೆಗೆಯಬಹುದಾದ ರಕ್ತಕ್ಕೆ ಬಿಟ್ಟುಕೊಡುವುದು ಅನ್ಯಾಯ ಅಲ್ವಾ? ನೆಂಟರ ಮಾತು ಕಾಳಜಿಯಿಂದಲೇ ಬಂದಿದೆ, ಆದರೆ ಅವರು ಸ್ಕ್ಯಾನ್ ಓದಿದವರಲ್ಲ.

ಆಸ್ಪಿರಿನ್ ನಿಲ್ಲಿಸಬೇಕಾ, ಯಾವಾಗ ಮತ್ತೆ ಶುರು ಮಾಡಬೇಕು ಅನ್ನೋದನ್ನು ಹೃದಯದ ವೈದ್ಯರೂ ನ್ಯೂರೋಸರ್ಜನ್ನೂ ಮಾತಾಡಿಕೊಂಡು ಹೇಳಲಿ. ಬೆಂಗಳೂರಿಗೆ ಹೋಗುವುದಾದರೆ ಕಿದ್ವಾಯಿ ಮತ್ತು ನಿಮ್ಹಾನ್ಸ್ ಹತ್ತಿರ ಹತ್ತಿರವೇ ಇವೆ. ಕ್ಯಾನ್ಸರ್ ಫೈಲು, ಪಿ.ಎಸ್.ಎ. ರಿಪೋರ್ಟುಗಳು, ಸ್ಕ್ಯಾನ್‌ನ ಸಿ.ಡಿ. ಎಲ್ಲ ಒಂದೇ ಚೀಲದಲ್ಲಿಟ್ಟುಕೊಳ್ಳಿ. ದಾರಿಯಲ್ಲಿ ಎಚ್ಚರ ತಪ್ಪಿದರೆ, ವಾಂತಿ ಶುರುವಾದರೆ ಬೆಂಗಳೂರು ಅಂತ ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಅಮ್ಮನಿಗೆ ಸ್ತನ ಕ್ಯಾನ್ಸರ್, ಕೀಮೋ ನಡೀತಿದೆ. ಪ್ಲೇಟ್‌ಲೆಟ್ 38 ಸಾವಿರಕ್ಕೆ ಇಳಿದಿದೆ. ಮೆದುಳಿನಲ್ಲಿ ರಕ್ತಸ್ರಾವ ಆಗುತ್ತೆ ಅಂತ ಭಯ. ಪಪ್ಪಾಯಿ ಎಲೆ ರಸ ಕೊಡಬಹುದಾ? ಡಾಕ್ಟರು ಪ್ಲೇಟ್‌ಲೆಟ್ ಹಾಕುತ್ತಿಲ್ಲ ಯಾಕೆ?
– ಒಬ್ಬ ಮಗಳು, ಮಂಡ್ಯ

ಉತ್ತರ: ಸಾಮಾನ್ಯವಾಗಿ ಪ್ಲೇಟ್‌ಲೆಟ್ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರಬೇಕು. 38 ಸಾವಿರ ಕಡಿಮೆಯೇ, ಆದರೆ ತನ್ನಷ್ಟಕ್ಕೆ ಮೆದುಳಿನಲ್ಲಿ ರಕ್ತ ಹರಿಯುವಷ್ಟು ಕಡಿಮೆ ಅಲ್ಲ. ರಕ್ತಸ್ರಾವ ಇಲ್ಲ, ಜ್ವರ ಇಲ್ಲ ಅಂದರೆ ಸಾಮಾನ್ಯವಾಗಿ 10 ಸಾವಿರಕ್ಕಿಂತ ಕೆಳಗೆ ಹೋದಾಗ ಹಾಕುತ್ತಾರೆ. ಸುಮ್ಮಸುಮ್ಮನೆ ಹಾಕುತ್ತಾ ಹೋದರೆ ದೇಹ ಅದಕ್ಕೆ ವಿರುದ್ಧ ತಿರುಗಿ, ನಿಜವಾಗಿ ಬೇಕಾದಾಗ ಹಾಕಿದ್ದು ನಿಲ್ಲದೆ ಹೋಗಬಹುದು. ಡಾಕ್ಟರು ಕಾಯುತ್ತಿರುವುದು ನಿರ್ಲಕ್ಷ್ಯ ಅಲ್ಲ.

ಪಪ್ಪಾಯಿ ಎಲೆ ರಸ ಬೇಡ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುವ ಕಾರಣವೇ ಬೇರೆ, ಕೀಮೋದಲ್ಲಿ ಮೂಳೆಯೊಳಗಿನ ಮಜ್ಜೆಯೇ ಪ್ಲೇಟ್‌ಲೆಟ್ ತಯಾರಿಸುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಿರುತ್ತದೆ. ಆ ಕಹಿ ರಸ ಕುಡಿದು ವಾಂತಿಯಾದರೆ, ವಾಂತಿಯ ಒತ್ತಡವೇ ತಲೆಗೆ ಒಳ್ಳೆಯದಲ್ಲ. ನೋವಿಗೆ ಅಂತ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತರಬೇಡಿ. ಸೊಂಟಕ್ಕೆ ಇಂಜೆಕ್ಷನ್ ಕೂಡ ಬೇಡ. ಮಲಬದ್ಧತೆ ಆಗದ ಹಾಗೆ ನೋಡಿಕೊಳ್ಳಿ, ಮುಕ್ಕುವುದು ಒಳ್ಳೆಯದಲ್ಲ. ರಾತ್ರಿ ಎದ್ದಾಗ ಜೊತೆಗಿರಿ, ಬಚ್ಚಲಿಗೆ ರಬ್ಬರ್ ಮ್ಯಾಟ್ ಹಾಕಿ. ಕೀಮೋದ ಸುಸ್ತು ಯಾವುದು, ಮೆದುಳಿನ ತೊಂದರೆ ಯಾವುದು ಅಂತ ನಿಮಗೆ ಗೊಂದಲ ಆಗುವುದು ಸಹಜ. ಸುಸ್ತಾದವರು ಮಲಗಿದ್ದರೂ ಕರೆದರೆ ಸರಿಯಾಗಿ ಉತ್ತರ ಕೊಡುತ್ತಾರೆ. ಮಾತು ತೊದಲಿದರೆ, ಎರಡೂ ಕೈ ಮುಂದೆ ಚಾಚಿ ಅಂದಾಗ ಒಂದು ಕೈ ತಾನಾಗಿ ಇಳಿದರೆ, ಹಿಂದೆಂದೂ ಇಲ್ಲದ ತಲೆನೋವು ಬಂದರೆ, ಫಿಟ್ಸ್ ಬಂದರೆ ರಾತ್ರಿ ಎಷ್ಟು ಹೊತ್ತಾಗಿದ್ದರೂ 108ಕ್ಕೆ ಕರೆ ಮಾಡಿ. ತಲೆಗೆ ಪೆಟ್ಟು ಬಿದ್ದರಂತೂ ಲಕ್ಷಣಕ್ಕೆ ಕಾಯಲೇಬೇಡಿ.

ಪ್ರಶ್ನೆ: ತಲೆಗೆ ಪೆಟ್ಟಾಗಿ ನಿಂತ ರಕ್ತ ಮುಂದೆ ಗೆಡ್ಡೆಯಾಗಿ ಕ್ಯಾನ್ಸರ್ ಆಗುತ್ತದೆಯೇ?
– ಓದುಗರು, ಕಾರವಾರ

ಉತ್ತರ: ಇಲ್ಲ. ನಿಂತ ರಕ್ತ ಕರಗುತ್ತದೆ, ಇಲ್ಲವೇ ತೆಗೆಯಬೇಕಾಗುತ್ತದೆ, ಅದು ಕ್ಯಾನ್ಸರ್ ಆಗಿ ಬದಲಾಗುವುದಿಲ್ಲ.

ಪ್ರಶ್ನೆ: ನನ್ನ ಗಂಡನಿಗೆ ಕಿಡ್ನಿ ಕ್ಯಾನ್ಸರ್, ಮೆದುಳಿನಲ್ಲೂ ಎರಡು ಸಣ್ಣ ಗೆಡ್ಡೆ ಇದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತು ಅಂತ ಹೆಪಾರಿನ್ ಇಂಜೆಕ್ಷನ್ ಶುರು ಮಾಡಿದ್ದಾರೆ. ತಲೆಯಲ್ಲಿ ರಕ್ತ ಸೋರಿಬಿಟ್ಟರೆ ಅಂತ ನಿನ್ನೆಯಿಂದ ಕೊಟ್ಟಿಲ್ಲ. ಸರಿ ಮಾಡಿದೆನಾ?
– ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಭಯಕ್ಕೆ ಕಾರಣ ಇದೆ. ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್, ಕಿಡ್ನಿ, ಥೈರಾಯ್ಡ್ ಕ್ಯಾನ್ಸರ್‌ಗಳು, ಗರ್ಭಕ್ಕೆ ಸಂಬಂಧಿಸಿದ ಕೋರಿಯೋಕಾರ್ಸಿನೋಮಾ ಮೆದುಳಿಗೆ ಹೋದಾಗ ಬೇರೆಯವಕ್ಕಿಂತ ಸುಲಭವಾಗಿ ರಕ್ತ ಸೋರುತ್ತವೆ. ಆದರೂ ಇಂಜೆಕ್ಷನ್ ನೀವಾಗಿ ನಿಲ್ಲಿಸಬಾರದಿತ್ತು. ಕಾಲಿನ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ನಿಮಿಷಗಳಲ್ಲಿ ಜೀವ ಹೋಗಬಹುದು. ಕ್ಯಾನ್ಸರ್ ರಕ್ತವನ್ನು ಎರಡೂ ಕಡೆಗೆ ಎಳೆಯುತ್ತದೆ, ಒಂದು ಕಡೆ ಹೆಪ್ಪು, ಇನ್ನೊಂದು ಕಡೆ ಸೋರಿಕೆ, ಇದೇ ಇದರ ಕಷ್ಟ. ಈಗಲೇ ಆಂಕಾಲಜಿಸ್ಟ್‌ಗೆ (ಕ್ಯಾನ್ಸರ್ ವೈದ್ಯರಿಗೆ) ಫೋನ್ ಮಾಡಿ ಎಷ್ಟು ಡೋಸ್ ತಪ್ಪಿದೆ ಅಂತ ಹೇಳಿ. ಮೆದುಳಿನ ಗೆಡ್ಡೆ ಅವರಿಗೆ ಗೊತ್ತಿದೆಯಾ, ಇತ್ತೀಚಿನ ಸ್ಕ್ಯಾನ್‌ನಲ್ಲಿ ಅದರೊಳಗೆ ರಕ್ತ ಕಂಡಿತ್ತಾ, ಬಿ.ಪಿ. ಎಷ್ಟಿರಬೇಕು ಅಂತ ಕೇಳಿ. ಮೆದುಳಿನಲ್ಲಿ ಗೆಡ್ಡೆ ಇದೆ ಅಂದ ಮಾತ್ರಕ್ಕೆ ರಕ್ತ ತೆಳುವಾಗಿಸುವ ಔಷಧಿ ಕೊಡಲೇಬಾರದು ಅಂತೇನಿಲ್ಲ. ಅಪಾಯ ತೂಗಿ ಡೋಸ್ ಕಡಿಮೆ ಮಾಡುವುದೂ ಉಂಟು, ನಿಲ್ಲಿಸುವುದೂ ಉಂಟು, ಆದರೆ ತೂಗುವವರು ಅವರಾಗಿರಲಿ.

ಪ್ರಶ್ನೆ: ನನ್ನ ತಮ್ಮನಿಗೆ 24. ಒಂದು ವಾರ ಒಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ. ರಕ್ತ ಪರೀಕ್ಷೆ ಮಾಡಿದ ಸಂಜೆಯೇ ಅಡ್ಮಿಟ್ ಮಾಡಿಕೊಂಡರು. ಎ.ಪಿ.ಎಲ್. ಅನ್ನೋ ರಕ್ತದ ಕ್ಯಾನ್ಸರ್ ಅನುಮಾನ, ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು ಅಂತ ರಿಪೋರ್ಟ್ ಬರುವ ಮೊದಲೇ ಮಾತ್ರೆ ಶುರು ಮಾಡಿದ್ದಾರೆ. ಇಷ್ಟು ಆತುರ ಯಾಕೆ?
– ಅಕ್ಕ, ಬೆಳಗಾವಿ

ಉತ್ತರ: ಆ ಆತುರವೇ ನಿಮ್ಮ ತಮ್ಮನನ್ನು ಉಳಿಸುವುದು. ಈ ಕಾಯಿಲೆಯ ಕ್ಯಾನ್ಸರ್ ಕಣಗಳು ರಕ್ತ ಹೆಪ್ಪುಗಟ್ಟಿಸುವ ಸಾಮಗ್ರಿಯನ್ನೆಲ್ಲ ಖರ್ಚು ಮಾಡಿಬಿಡುತ್ತವೆ, ಕಟ್ಟಿದ ಹೆಪ್ಪನ್ನೂ ಕರಗಿಸುತ್ತವೆ. ಮೊದಲ ದಿನಗಳಲ್ಲಿ ಜೀವ ತೆಗೆಯುವುದರಲ್ಲಿ ಮೆದುಳಿನ ರಕ್ತಸ್ರಾವವೇ ಮುಂದು. ಹಾಗಾಗಿ ಅನುಮಾನ ಬಂದ ಗಳಿಗೆಯಲ್ಲೇ ಮಾತ್ರೆ ಕೊಡಬೇಕು, ಜೀನ್ ಪರೀಕ್ಷೆಯ ರಿಪೋರ್ಟ್‌ಗೆ ಕಾಯಬಾರದು ಅನ್ನೋದು ಜಗತ್ತಿನಾದ್ಯಂತ ಒಪ್ಪಿದ ನಿಯಮ.

ಆ ಮಾತ್ರೆ ಆಟ್ರಾ, ವಿಟಮಿನ್ ಎ ಕುಟುಂಬದ್ದು. ಅಂಗಡಿಯಲ್ಲಿ ಸಿಗುವ ವಿಟಮಿನ್ ಮಾತ್ರೆ ಇದಲ್ಲ. 1985ರಲ್ಲಿ ಶಾಂಘೈನ ವೈದ್ಯ ವಾಂಗ್ ಝೆನ್‌ಯಿ, ಕೀಮೋ ಕೈಕೊಟ್ಟಿದ್ದ ಐದು ವರ್ಷದ ಒಬ್ಬ ಹುಡುಗಿಗೆ ಇದನ್ನು ಕೊಟ್ಟರು, ಅವಳು ಚೇತರಿಸಿಕೊಂಡಳು. ಇದು ಕ್ಯಾನ್ಸರ್ ಕಣವನ್ನು ಕೊಲ್ಲುವ ಬದಲು ಬಲಿಯುವಂತೆ ಮಾಡುತ್ತದೆ, ಬಲಿತ ಕಣ ತಾನಾಗಿ ಸಾಯುತ್ತದೆ. ಜೊತೆಗೆ ಆರ್ಸೆನಿಕ್ ಚಿಕಿತ್ಸೆಯೂ ಸೇರಿದ ಮೇಲೆ, ಒಂದು ಕಾಲಕ್ಕೆ ಅತಿ ಭಯಾನಕ ಅನಿಸಿದ್ದ ಈ ಕ್ಯಾನ್ಸರ್ ಇವತ್ತು ಗುಣವಾಗುವ ಸಾಧ್ಯತೆ ಅತಿ ಹೆಚ್ಚಿರುವ ರಕ್ತದ ಕ್ಯಾನ್ಸರ್‌ಗಳಲ್ಲಿ ಒಂದು. ಮೊದಲ ವಾರಗಳನ್ನು ದಾಟಿದವರಲ್ಲಿ ಬಹುತೇಕರು ಗುಣವಾಗುತ್ತಾರೆ.

ಮೇಲೆ ಮಂಡ್ಯದ ತಾಯಿಗೆ ಹೇಳಿದ ಹಾಗಲ್ಲದೆ, ನಿಮ್ಮ ತಮ್ಮನಿಗೆ 30–50 ಸಾವಿರಕ್ಕಿಂತ ಕೆಳಗೆ ಹೋಗದಂತೆ ಪ್ಲೇಟ್‌ಲೆಟ್ ಹಾಕುತ್ತಾ ಇರುತ್ತಾರೆ, ಪ್ಲಾಸ್ಮಾ, ಕ್ರಯೋ (ಎರಡೂ ದಾನದ ರಕ್ತದಿಂದ ಬೇರ್ಪಡಿಸಿದ, ಹೆಪ್ಪುಗಟ್ಟಿಸುವ ಸಾಮಗ್ರಿ ಇರುವ ಭಾಗಗಳು) ಕೂಡ ಕೇಳಬಹುದು. ರಕ್ತ ಕೊಡುವ ಗೆಳೆಯರ ಪಟ್ಟಿ ಈಗಲೇ ಮಾಡಿಟ್ಟುಕೊಳ್ಳಿ. ಮಾತ್ರೆ ಶುರುವಾದ ಮೇಲೆ ಜ್ವರ, ಉಸಿರಾಟದ ಕಷ್ಟ, ಕಾಲು ಊತ, ದಿಢೀರ್ ತೂಕ ಏರುವುದು ಕಂಡರೆ ಬೆಳಗಿನ ರೌಂಡ್ಸ್‌ಗೆ ಕಾಯದೆ ಆ ಕ್ಷಣವೇ ನರ್ಸ್‌ಗೆ ಹೇಳಿ. ಅದು ಈ ಔಷಧಿಯಿಂದಲೇ ಬರಬಹುದಾದ ತೊಂದರೆ, ಬೇಗ ಗೊತ್ತಾದರೆ ಸ್ಟೀರಾಯ್ಡ್‌ನಿಂದ ತಹಬಂದಿಗೆ ಬರುತ್ತದೆ.