ಕೈ ಎತ್ತದ ಮಕ್ಕಳ ಉತ್ತರ ತಿಳಿಯುವುದು ಹೇಗೆ?

ಶಿಕ್ಷಕರ ಪ್ರಶ್ನೆ – ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ತರಗತಿಯ ಮೌಲ್ಯಮಾಪನಕ್ಕೆ ಫೋನು, ಕಂಪ್ಯೂಟರ್ ಬಳಸುವ ಬಗ್ಗೆ ಇದ್ದವು. ಒಂದೇ ವಿಷಯ ಕೇಳಿದವರಿಗೆ ಒಟ್ಟಿಗೆ ಉತ್ತರಿಸಿದ್ದೇವೆ.

ಪ್ರಶ್ನೆ: ಏಳನೇ ತರಗತಿಯಲ್ಲಿ 40 ಮಕ್ಕಳಿದ್ದಾರೆ. ‘ತಿಳೀತಾ?’ ಎಂದರೆ ಎಲ್ಲರೂ ‘ಹೂಂ ರೀ ಟೀಚರ್’ ಅನ್ನುತ್ತಾರೆ. ಕೈ ಎತ್ತುವವರು ಮಾತ್ರ ಅದೇ ಐದಾರು ಮಂದಿ. ಮಕ್ಕಳ ಕೈಯಲ್ಲಿ ಟ್ಯಾಬ್ ಇಲ್ಲ, ಇರುವುದು ನನ್ನ ಫೋನೊಂದೇ. ಮಕ್ಕಳು ಎತ್ತಿದ ಕಾಗದದ ಕಾರ್ಡುಗಳನ್ನು ಫೋನಿನ ಕ್ಯಾಮೆರಾದಿಂದ ಓದುವ ಪ್ಲಿಕರ್ಸ್ ಆ್ಯಪ್ ಬಳಸಿ ಎಂದು ತರಬೇತಿಯಲ್ಲಿ ಹೇಳಿದರು. ಅದು ನಿಜಕ್ಕೂ ಕೆಲಸಕ್ಕೆ ಬರುತ್ತದೆಯೇ?
– ಗಣಿತ ಶಿಕ್ಷಕಿ, ಯಾದಗಿರಿ ಜಿಲ್ಲೆ

ಉತ್ತರ: ಬರುತ್ತದೆ. ಒಂದೇ ಫೋನಿರುವ ಶಾಲೆಗೆ ಇದಕ್ಕಿಂತ ಹೊಂದುವ ಸಾಧನ ಕಡಿಮೆ. ಪ್ಲಿಕರ್ಸ್ ತಾಣದಲ್ಲಿ 40 ಕಾರ್ಡುಗಳ ಕಟ್ಟನ್ನು ಇಳಿಸಿಕೊಂಡು ಮುದ್ರಿಸಬಹುದು. ದೊಡ್ಡ ತರಗತಿಗೆ 63ರ ಕಟ್ಟೂ ಇದೆ. ಪ್ರತಿ ಕಾರ್ಡಿನ ಕಪ್ಪು ಗುರುತು ಬೇರೆ ಬೇರೆ. ಅದರ ನಾಲ್ಕು ಬದಿಗಳಲ್ಲಿ ಎ, ಬಿ, ಸಿ, ಡಿ ಅಕ್ಷರಗಳಿರುತ್ತವೆ. ತಾನು ಆರಿಸಿದ ಅಕ್ಷರ ಮೇಲೆ ಬರುವಂತೆ ಮಗು ಕಾರ್ಡು ಹಿಡಿಯುತ್ತದೆ, ನೀವು ಫೋನಿನ ಕ್ಯಾಮೆರಾವನ್ನು ತರಗತಿಯ ಉದ್ದಕ್ಕೂ ನಿಧಾನವಾಗಿ ಹಾಯಿಸುತ್ತೀರಿ. ಅಕ್ಷರಗಳು ತೀರಾ ಚಿಕ್ಕವಾದ್ದರಿಂದ ಪಕ್ಕದವರಿಗೆ ಉತ್ತರ ಸುಲಭವಾಗಿ ಕಾಣುವುದಿಲ್ಲ. ಹಾಜರಿ ಪುಸ್ತಕದ ಕ್ರಮಸಂಖ್ಯೆಯನ್ನೇ ಕಾರ್ಡಿನ ಸಂಖ್ಯೆಯಾಗಿ ಕೊಟ್ಟು, ವರ್ಷವಿಡೀ ಬದಲಿಸಬೇಡಿ.

ಕೆಡುವ ಜಾಗಗಳು ಇವು. ಹೊಳೆಯುವ ಲ್ಯಾಮಿನೇಷನ್ ಮಾಡಿಸಿದರೆ ಬೆಳಕು ಪ್ರತಿಫಲಿಸಿ ಕ್ಯಾಮೆರಾ ಗುರುತನ್ನು ಓದುವುದಿಲ್ಲ. ದಪ್ಪ ಕಾಗದದಲ್ಲಿ ಮುದ್ರಿಸಿ, ಇಲ್ಲವೇ ರಟ್ಟಿಗೆ ಅಂಟಿಸಿ. ಮಗುವಿನ ಬೆರಳು ಕಪ್ಪು ಗುರುತಿನ ಮೇಲೆ ಬಂದರೂ ಓದುವುದಿಲ್ಲ, ಹಾಗಾಗಿ ಅಂಚನ್ನಷ್ಟೇ ಹಿಡಿಯುವುದನ್ನು ಮೊದಲ ದಿನವೇ ಅಭ್ಯಾಸ ಮಾಡಿಸಿ. ಮಕ್ಕಳ ಬೆನ್ನ ಹಿಂದೆ ಕಿಟಕಿ ಇದ್ದರೆ ಕಾರ್ಡು ಕತ್ತಲಾಗಿ ಕಾಣುತ್ತದೆ, ಕಿಟಕಿಯ ಕಡೆಯಿಂದ ನೀವು ಸ್ಕ್ಯಾನ್ ಮಾಡಿ. ಪ್ರೊಜೆಕ್ಟರ್ ಇಲ್ಲವೆಂದು ಬಿಡಬೇಡಿ, ಪ್ರಶ್ನೆಯನ್ನು ಕರಿಹಲಗೆಯ ಮೇಲೆ ಬರೆದರೆ ಸಾಕು. ಪ್ರೊಜೆಕ್ಟರ್ ಇದ್ದರೂ ಯಾರ ಉತ್ತರ ತಪ್ಪು ಎಂಬುದನ್ನು ಹೆಸರಿನೊಂದಿಗೆ ಪರದೆಯ ಮೇಲೆ ತೋರಿಸಬೇಡಿ. ಒಮ್ಮೆ ಹಾಗೆ ತೋರಿಸಿದರೆ ಮುಂದಿನ ಸಲದಿಂದ ಮಕ್ಕಳು ಜಾಣ ಗೆಳೆಯನ ಕಾರ್ಡು ನೋಡಿಯೇ ತಮ್ಮದನ್ನು ತಿರುಗಿಸುತ್ತಾರೆ.

ಆದರೆ ಕಾರ್ಡಿಗಿಂತ ಪ್ರಶ್ನೆಯೇ ಮುಖ್ಯ ಎಂಬುದನ್ನು ಒತ್ತಿ ಹೇಳಬೇಕು. ದಶಮಾಂಶದ ಪಾಠವನ್ನೇ ತೆಗೆದುಕೊಳ್ಳಿ. ‘0.5, 0.45 – ಯಾವುದು ದೊಡ್ಡದು?’ ಎಂದು ಕೇಳುವುದು ರೂಢಿ. ಅಂಕಿ ಕಡಿಮೆ ಇದ್ದಷ್ಟೂ ಸಂಖ್ಯೆ ದೊಡ್ಡದು ಎಂದು ತಪ್ಪು ತಿಳಿದ ಮಗುವೂ ಇದಕ್ಕೆ 0.5 ಎಂದೇ ಹೇಳುತ್ತದೆ. ಉತ್ತರ ಸರಿ, ತಿಳಿವಳಿಕೆ ತಪ್ಪು. ಬದಲಿಗೆ ‘ಇವುಗಳಲ್ಲಿ ಅತಿ ದೊಡ್ಡದು ಯಾವುದು?’ ಎಂದು 0.6, 0.62, 0.375, 0.4 ಕೊಡಿ. ಸರಿ ಉತ್ತರ 0.62. ಅಂಕಿ ಹೆಚ್ಚಿದ್ದರೆ ದೊಡ್ಡದು ಎಂದುಕೊಂಡವರು 0.375 ಆರಿಸುತ್ತಾರೆ. ಅಂಕಿ ಕಡಿಮೆ ಇದ್ದರೆ ದೊಡ್ಡದು ಎಂದುಕೊಂಡವರು 0.6ಕ್ಕೆ ಹೋಗುತ್ತಾರೆ. 0.4 ಎಂದರೆ ನಾಲ್ಕನೇ ಒಂದು, 0.6 ಎಂದರೆ ಆರನೇ ಒಂದು ಎಂದು ಭಿನ್ನರಾಶಿಯೊಂದಿಗೆ ಬೆರೆಸಿಕೊಂಡವರಿಗೆ 0.4 ದೊಡ್ಡದಾಗಿ ಕಾಣುತ್ತದೆ. ಹೀಗೆ ತಪ್ಪು ಉತ್ತರ ಒಂದೊಂದೂ ಒಂದೊಂದು ಕಾರಣವನ್ನು ಹೇಳಬೇಕು. ಇಂಥ ಪ್ರಶ್ನೆ ಪಾಠಕ್ಕೆ ಒಂದೇ ಸಿದ್ಧವಾದರೂ ಸಾಕು, ನಲವತ್ತು ಸಾಮಾನ್ಯ ಪ್ರಶ್ನೆಗಳಿಗಿಂತ ಅದು ಮೇಲು.

ಉತ್ತರ ಸಿಕ್ಕ ಕೂಡಲೇ ಏನು ಮಾಡಬೇಕು? ಹಾರ್ವರ್ಡಿನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ಬಳಕೆಗೆ ತಂದ ಕ್ರಮವೊಂದಿದೆ. ನೂರಕ್ಕೆ 30ಕ್ಕಿಂತ ಕಡಿಮೆ ಮಂದಿ ಸರಿ ಹೇಳಿದ್ದರೆ ಆ ಭಾಗವನ್ನು ಬೇರೆ ರೀತಿಯಲ್ಲಿ ಮತ್ತೆ ಕಲಿಸಿ. 30ರಿಂದ 70ರ ನಡುವೆ ಇದ್ದರೆ ಸರಿ ಉತ್ತರ ಹೇಳದೆ ಎರಡು ಮೂರು ನಿಮಿಷ ಪಕ್ಕದವರೊಂದಿಗೆ ವಾದಿಸಲು ಬಿಟ್ಟು, ಮತ್ತೆ ಕಾರ್ಡು ಎತ್ತಿಸಿ. 70 ದಾಟಿದ್ದರೆ ಚುಟುಕಾಗಿ ವಿವರಿಸಿ ಮುಂದೆ ಹೋಗಿ. ನಿಮ್ಮ 40 ಮಕ್ಕಳ ತರಗತಿಗೆ ಈ ಗಡಿಗಳು 12 ಮತ್ತು 28. ದಶಮಾಂಶಕ್ಕಾದರೆ ಮರುಪಾಠಕ್ಕೆ 10×10 ಚೌಕಳಿ ಹಾಳೆ ಕೊಡಿ: 0.6 ಎಂದರೆ ಆರು ಪೂರ್ತಿ ಕಂಬಸಾಲು, 0.62 ಎಂದರೆ ಅದರ ಮೇಲೆ ಇನ್ನೆರಡು ಚೌಕ, 0.375 ಎಂದರೆ ಮೂವತ್ತೇಳೂವರೆ ಚೌಕ. 0.375 ಅನ್ನು ‘ಸೊನ್ನೆ ಪಾಯಿಂಟ್ ಮುನ್ನೂರ ಎಪ್ಪತ್ತೈದು’ ಎಂದು ಓದುವುದನ್ನೂ ನಿಲ್ಲಿಸಿ. ಆ ‘ಮುನ್ನೂರ’ವೇ ಮಗುವನ್ನು ದಾರಿ ತಪ್ಪಿಸುತ್ತದೆ.

ನೆಟ್‌ವರ್ಕ್ ಸಿಗದ ಊರಾದರೆ ನಾಲ್ಕು ಬಣ್ಣದ ಕಾಗದದ ಚೂರುಗಳನ್ನು ಎತ್ತಿಸಿ. ಯಾರು ಏನು ಹೇಳಿದರೆಂದು ದಾಖಲಾಗುವುದಿಲ್ಲ, ಆದರೆ ಆ ಕ್ಷಣದ ತೀರ್ಮಾನಕ್ಕೆ ಅಷ್ಟು ಸಾಕು.

ಪ್ರಶ್ನೆ: ಗೂಗಲ್ ಫಾರ್ಮ್‌ನಲ್ಲಿ ಕನ್ನಡದಲ್ಲಿ ಒಂದು ಪದದ ಉತ್ತರ ಕೇಳಿದರೆ, ಸರಿ ಬರೆದವರಿಗೂ ಸೊನ್ನೆ ಅಂಕ ಬರುತ್ತದೆ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಳೆಯ ಪ್ರಶ್ನೆಪತ್ರಿಕೆ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ.
– ಪ್ರೌಢಶಾಲಾ ಶಿಕ್ಷಕ, ಹಾಸನ ಜಿಲ್ಲೆ

ಉತ್ತರ: ಎರಡನೆಯದು ಸುಲಭ. ಆ ಹಳೆಯ ಕಡತಗಳು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ನೋಡಿ, ಆಮೇಲೆ ಅಂಟಿಸಿ.

ಮೊದಲನೆಯದಕ್ಕೆ ಕಾರಣ, ಫಾರ್ಮ್ ಅರ್ಥವನ್ನು ನೋಡುವುದಿಲ್ಲ, ಅಕ್ಷರ ಅಕ್ಷರ ಹೋಲಿಸುತ್ತದೆ. ನೀವು ‘ದ್ಯುತಿಸಂಶ್ಲೇಷಣೆ’ ಎಂದು ಕೊಟ್ಟು ಮಗು ನಡುವೆ ಜಾಗ ಬಿಟ್ಟು ‘ದ್ಯುತಿ ಸಂಶ್ಲೇಷಣೆ’ ಎಂದು ಬರೆದರೆ ತಪ್ಪು. ‘ಹಂಪಿ’ಗೆ ‘ಹಂಪೆ’ ಬರೆದರೂ ತಪ್ಪು. 10 ಎಂಬುದನ್ನು ೧೦ ಎಂದು ಬರೆದರೂ ಅದೇ ಗತಿ. ಕನ್ನಡದಲ್ಲಿ ಇನ್ನೊಂದು ತೊಡಕಿದೆ: ‘ಆಕ್ಸಿಜನ್’ನಂತೆ ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಗೆ ಕೆಲವು ಕೀಲಿಮಣೆಗಳು ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿಸುತ್ತವೆ. ನೋಡಲು ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ.

ಹೀಗೆ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಕ್ವಿಜ್ ಆಯ್ಕೆ ಆನ್ ಮಾಡಿ, ಅಂಕ ಬಿಡುಗಡೆಯನ್ನು ‘ಪರಿಶೀಲನೆಯ ನಂತರ’ ಎಂದಿಡಿ. ಉತ್ತರ ಕೀಲಿಯಲ್ಲಿ ನಿಮಗೆ ತೋಚುವ ಎಲ್ಲ ರೂಪಗಳನ್ನೂ ಸೇರಿಸಿ. ‘ಉಳಿದೆಲ್ಲ ಉತ್ತರ ತಪ್ಪು’ ಎಂಬ ಚೌಕಕ್ಕೆ ಮಾತ್ರ ಟಿಕ್ ಹಾಕಬೇಡಿ. ಉತ್ತರಗಳು ಬಂದ ಮೇಲೆ ರೆಸ್ಪಾನ್ಸಸ್ ಭಾಗದಲ್ಲಿ ಪ್ರಶ್ನೆವಾರು ನೋಟ ತೆರೆದರೆ ಒಂದೇ ರೀತಿ ಬರೆದವರೆಲ್ಲ ಒಂದು ಗುಂಪಾಗಿ ಸಿಗುತ್ತಾರೆ, ಗುಂಪಿಗೆ ಒಮ್ಮೆಗೇ ಅಂಕ ಕೊಡಬಹುದು. ಕಾಗುಣಿತದ ಪರೀಕ್ಷೆಯಲ್ಲದಿದ್ದರೆ ಕಾಗುಣಿತಕ್ಕೆ ಅಂಕ ಕಳೆಯುವುದು ಅನ್ಯಾಯ. ವಿಜ್ಞಾನದ ಅಂಕ ವಿಜ್ಞಾನವನ್ನೇ ಅಳೆಯಲಿ.

ಇನ್ನೊಂದು ಮಾತು: ಆಯ್ಕೆಗಳ ಕ್ರಮ ಕಲೆಸುವ ಸೌಲಭ್ಯ ಬಳಸಿದರೆ ‘ಮೇಲಿನ ಎಲ್ಲವೂ’ ಎಂಬ ಆಯ್ಕೆ ಮೊದಲನೆಯದಾಗಿ ಬಂದುಬಿಡಬಹುದು. ಅಂಥ ಆಯ್ಕೆಯನ್ನೇ ಕೈಬಿಡಿ.

ಪ್ರಶ್ನೆ: ಮೂರನೇ ತರಗತಿಯ ಮಕ್ಕಳ ಓದನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಅಳೆಯಬೇಕೆಂದಿದ್ದೇನೆ. ಏನನ್ನು ಗಮನಿಸಬೇಕು?
– ನಲಿಕಲಿ ಅನುಭವವಿರುವ ಶಿಕ್ಷಕಿ, ಚಾಮರಾಜನಗರ ಜಿಲ್ಲೆ

ಉತ್ತರ: ಬಹಳ ಒಳ್ಳೆಯ ಯೋಚನೆ. ಮಗು ಮೊದಲು ನೋಡಿರದ, ಅದರ ಮಟ್ಟದ್ದೇ ಆದ ಒಂದು ಚಿಕ್ಕ ಗದ್ಯ ಆರಿಸಿ. ಪಾಠದ ಗದ್ಯವೇ ಆದರೆ ಬಾಯಿಪಾಠ ಒಪ್ಪಿಸಿಬಿಡುತ್ತವೆ. ವರಾಂಡದ ಮೂಲೆಯಲ್ಲಿ ಒಂದೊಂದೇ ಮಗುವನ್ನು ಕೂರಿಸಿ, ಫೋನನ್ನು ಗೇಣು ದೂರದಲ್ಲಿ ಮೇಜಿನ ಮೇಲಿಟ್ಟು ಒಂದು ನಿಮಿಷ ಓದಿಸಿ. ಕೈಯಲ್ಲಿ ಹಿಡಿದರೆ ಉಜ್ಜಿದ ಸದ್ದು ಸೇರುತ್ತದೆ. ದಿನಕ್ಕೆ ಐದು ಮಕ್ಕಳಂತೆ ಹಂಚಿಕೊಳ್ಳಿ. ಕಡತಕ್ಕೆ ಹೆಸರಿನ ಬದಲು ಕ್ರಮಸಂಖ್ಯೆ, ತಿಂಗಳು ಇಡಿ.

ಆ ಗದ್ಯದ ಪ್ರತಿಯನ್ನು ಎದುರಿಗಿಟ್ಟುಕೊಂಡು ಆಮೇಲೆ ಕೇಳುತ್ತ ಗುರುತು ಹಾಕಿ. ಎಷ್ಟು ಪದ ಓದಿತು ಎಂಬುದಕ್ಕಿಂತ ಎಲ್ಲಿ ಎಡವಿತು ಎಂಬುದು ಹೆಚ್ಚು ಹೇಳುತ್ತದೆ. ‘ಕತ್ತೆ’ಯನ್ನು ‘ಕತೆ’ ಎಂದರೆ ಒತ್ತಕ್ಷರದ ತೊಂದರೆ. ‘ಕಾಡು’ ‘ಕಡು’ ಆದರೆ ದೀರ್ಘದ್ದು. ಅರ್ಕಾವೊತ್ತಿನಲ್ಲಿ ನಿಲ್ಲುವವರೂ ಬಹಳ: ‘ಸೂರ್ಯ’ದಲ್ಲಿ ಬಾಯಿಗೆ ಮೊದಲು ಬರುವ ‘ರ್’ ಹೊತ್ತಗೆಯಲ್ಲಿ ‘ಯ’ದ ಆಚೆ ಇರುತ್ತದೆ ಅಥವಾ ‘ಯ’ ಕೆಳಗೆ ಒತ್ತಾಗಿ ಇರುತ್ತದೆ. ಈ ಮೂರಕ್ಕೂ ಮೂರು ಬಣ್ಣ ಬಳಸಿದರೆ, ಯಾವ ಮಕ್ಕಳನ್ನು ಯಾವ ಗುಂಪಿನಲ್ಲಿ ಕೂರಿಸಬೇಕೆಂಬುದು ಹಾಳೆ ನೋಡಿದರೇ ತಿಳಿಯುತ್ತದೆ. ಮಗು ತಾನೇ ತಿದ್ದಿಕೊಂಡದ್ದನ್ನು ತಪ್ಪೆಂದು ಎಣಿಸಬೇಡಿ.

ನಿಮ್ಮ ಕಡೆ ಒಂದನ್ನು ವಿಶೇಷವಾಗಿ ನೋಡಬೇಕು. ಮಗು ‘ಹಾಲು’ ಎಂಬುದನ್ನು ‘ಆಲು’ ಎಂದು ಓದಿದರೆ ಅದು ಮನೆಯ ಮಾತಿನ ರೀತಿ ಇರಬಹುದು, ಅಕ್ಷರ ಗೊತ್ತಿಲ್ಲ ಎಂದಲ್ಲ. ‘ಹ’ ಎಲ್ಲಿದೆ ತೋರಿಸು ಎಂದಾಗ ತೋರಿಸಿದರೆ ಅದನ್ನು ಓದಿನ ತಪ್ಪಾಗಿ ಬರೆಯಬೇಡಿ. ಇದೇ ಕಾರಣಕ್ಕೆ, ಮಾತನ್ನು ತಾನೇ ಬರಹಕ್ಕಿಳಿಸುವ ಆ್ಯಪ್‌ಗಳಿಗೆ ಚಿಕ್ಕ ಮಕ್ಕಳ ಓದಿನ ಅಂಕವನ್ನು ಒಪ್ಪಿಸಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಕೊನೆಯಲ್ಲಿ ಓದಿದ್ದರ ಬಗ್ಗೆ ಎರಡು ಪ್ರಶ್ನೆ ಕೇಳಿ. ಸರಾಗವಾಗಿ ಓದಿ ಏನೂ ಅರ್ಥವಾಗದ ಮಕ್ಕಳು ಸಿಗುತ್ತಾರೆ.

ಪ್ರಶ್ನೆ: ಪ್ರಾಜೆಕ್ಟ್ ಕೊಟ್ಟರೆ ಎಲ್ಲವೂ ಸೈಬರ್ ಅಂಗಡಿಯ ಪ್ರಿಂಟ್‌ಔಟ್. ಈಗ ಚಾಟ್‌ಬಾಟ್ ಬರೆದದ್ದೂ ಬರುತ್ತಿದೆ. ಹೇಗೆ ಅಂಕ ಕೊಡಲಿ?
– ವಿಜ್ಞಾನ ಶಿಕ್ಷಕ, ಉತ್ತರ ಕನ್ನಡ ಜಿಲ್ಲೆ

ಉತ್ತರ: ವಿಷಯವನ್ನೇ ಬದಲಿಸಿ. ‘ವಿದ್ಯುತ್ತಿನ ಉಳಿತಾಯ’ ಎಂದರೆ ಪ್ರಿಂಟ್‌ಔಟೇ ಬರುವುದು. ‘ನಿಮ್ಮ ಮನೆಯ ಮೀಟರನ್ನು ಏಳು ದಿನ ಒಂದೇ ಹೊತ್ತಿಗೆ ಓದಿ, ಹೆಚ್ಚು ಬಳಕೆಯಾದ ದಿನಕ್ಕೆ ಕಾರಣ ಹುಡುಕಿ’ ಎಂದರೆ ಆ ಅಂಕಿಗಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮೀಟರಿಲ್ಲದ ಮನೆಯ ಮಗು ಶಾಲೆಯದನ್ನು ಓದಲಿ.

ರೂಬ್ರಿಕ್‌ನಲ್ಲಿ, ಅಂದರೆ ಅಂಕ ಕೊಡುವ ಮಾನದಂಡಗಳ ಹಾಳೆಯಲ್ಲಿ, ‘ಉತ್ತಮ, ಸಾಧಾರಣ’ ಎಂದು ಬರೆದರೆ ಪ್ರಯೋಜನವಿಲ್ಲ. ಕಣ್ಣಿಗೆ ಕಾಣುವುದನ್ನು ಬರೆಯಿರಿ. ದತ್ತಾಂಶಕ್ಕೆ: ಏಳೂ ದಿನದ ಅಂಕಿ, ಸಮಯ ಸಹಿತ – 4; ಐದಾರು ದಿನದ್ದು – 3; ಅಂಕಿ ಇದೆ, ಸಮಯವಿಲ್ಲ – 2; ಒಂದೆರಡು ದಿನದ್ದು ಮಾತ್ರ – 1. ಲೆಕ್ಕಕ್ಕೆ: ಎರಡು ದಿನಗಳ ವ್ಯತ್ಯಾಸವನ್ನು ಯೂನಿಟ್‌ನಲ್ಲಿ ತೆಗೆದು, ಒಂದು ಉಪಕರಣದ ಬಳಕೆಯೊಂದಿಗೆ ಹೋಲಿಸಿದ್ದಾರೆಯೇ? 1000 ವಾಟ್‌ನ ಹೀಟರ್ ಒಂದು ಗಂಟೆ ಉರಿದರೆ ಒಂದು ಯೂನಿಟ್ ಎಂಬಷ್ಟು ಸಾಕು. ಮೂರನೆಯದು ವಿವರಣೆ. ಈ ಹಾಳೆಯನ್ನು ಕೆಲಸ ಶುರುವಾಗುವ ಮೊದಲೇ ಮಕ್ಕಳ ಕೈಗೆ ಕೊಡಿ. ಕೊನೆಗೆ ಪ್ರತಿ ಮಗುವಿಗೆ ಎರಡು ನಿಮಿಷದ ಮೌಖಿಕ ಪ್ರಶ್ನೆ ಇಡಿ: ‘ಗುರುವಾರ ಯಾಕೆ ಜಾಸ್ತಿ?’ ಮಾಡಿದ ಮಗು ತಡವರಿಸದೆ ಹೇಳುತ್ತದೆ. ಇಬ್ಬರ ದಿನವಾರು ವ್ಯತ್ಯಾಸಗಳು ಎಲ್ಲವೂ ಒಂದೇ ಇದ್ದರೆ ಅಲ್ಲಿ ಕೇಳಲೇಬೇಕು.

ಪ್ರಶ್ನೆ: ಕಿರುಪರೀಕ್ಷೆಯ ಅಂಕಪಟ್ಟಿಯನ್ನು ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಹುದೇ?
– ಶಿಕ್ಷಕಿ, ತುಮಕೂರು

ಉತ್ತರ: ಬೇಡ. 18 ವರ್ಷದೊಳಗಿನವರ ವೈಯಕ್ತಿಕ ಮಾಹಿತಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ವಿಶೇಷ ರಕ್ಷಣೆಯಿದೆ. ಕಾಯ್ದೆ ಇಲ್ಲದಿದ್ದರೂ, ಮಗುವಿನ ಸೋಲನ್ನು ಊರಿಗೆಲ್ಲ ಹಂಚುವುದು ಸರಿಯಲ್ಲ. ಗುಂಪಿನಲ್ಲಿ ಇಷ್ಟು ಹಾಕಿ: ‘ಈ ವಾರ ದಶಮಾಂಶಗಳ ಹೋಲಿಕೆ ಕಲಿತೆವು, ಮನೆಯಲ್ಲಿ ಈ ಎರಡು ಲೆಕ್ಕ ಮಾಡಿಸಿ.’ ಒಬ್ಬೊಬ್ಬರ ವಿಷಯವನ್ನು ಅವರವರ ತಾಯಿ ತಂದೆಗೆ ಪ್ರತ್ಯೇಕವಾಗಿ ತಿಳಿಸಿ. ಓದಲು ಬಾರದ ಪೋಷಕರಿಗೆ ಅರ್ಧ ನಿಮಿಷದ ಧ್ವನಿ ಸಂದೇಶ ಕಳಿಸಿ, ಸ್ಮಾರ್ಟ್‌ಫೋನ್ ಇಲ್ಲದವರಿಗೆ ನೇರ ಕರೆ ಮಾಡಿ.