ಆ ತುಣುಕಿನ ಕೆಳಗೆ ಯಾರ ಹೆಸರೂ ಇಲ್ಲ

(ಹುಬ್ಬಳ್ಳಿಯ ಓದುಗರೊಬ್ಬರು ಮೊಬೈಲ್‌ನಲ್ಲಿ ಹರಿದಾಡುತ್ತಿರುವ ವಿಡಿಯೊ ತುಣುಕೊಂದನ್ನು ಪತ್ರದ ಜೊತೆ ಕಳಿಸಿ, ‘ಬರ್ಸರ್ಕ್’ ಎಂಬ ಜಪಾನಿ ಕಥೆಯ ಹೊಸ ಅನಿಮೆ (ಜಪಾನಿನ ಕಾರ್ಟೂನ್ ಚಿತ್ರ) ಬರುವುದು ನಿಜವೇ, ನಿಜವಾದರೆ ಈ ಸಲವಾದರೂ ಕಥೆಯನ್ನು ಕೊನೆಮುಟ್ಟಿಸುತ್ತಾರೆಯೇ ಎಂದು ಕೇಳಿದ್ದಾರೆ. ಹಳೆಯ ಸರಣಿಯನ್ನೂ ಮೂರು ಚಲನಚಿತ್ರಗಳನ್ನೂ ನೋಡಿದ್ದಾರೆ. ಮೂಲವಾದ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಓದುವ ತಾಳ್ಮೆ ಇಲ್ಲವಂತೆ.)

ಪ್ರಿಯ ಓದುಗರೇ,

ತುಣುಕನ್ನು ಎರಡು ಸಲ ನೋಡಿದೆ. ಮೊದಲ ಸಲ ನನ್ನ ಎದೆಯೂ ಝಲ್ಲೆಂದಿತು, ಸುಳ್ಳೇಕೆ ಹೇಳಲಿ. ಎರಡನೆಯ ಸಲ ಕಥಾನಾಯಕ ಗಟ್ಸ್‌ನ ಕತ್ತಿಯನ್ನು ಬಿಟ್ಟು ಚಿತ್ರದ ಅಂಚನ್ನು ನೋಡಿದೆ. ಜಪಾನಿನಲ್ಲಿ ಅನಿಮೆಗೆ ಸಾಮಾನ್ಯವಾಗಿ ಒಬ್ಬರೇ ದುಡ್ಡು ಹಾಕುವುದಿಲ್ಲ. ಪ್ರಕಾಶಕರು, ಟಿವಿ ವಾಹಿನಿ, ಸಂಗೀತ ಕಂಪನಿ, ಗೊಂಬೆ ಮಾಡುವವರು, ಎಲ್ಲರೂ ಪಾಲು ಹಾಕಿ ಮಾವಿನ ತೋಪು ಗುತ್ತಿಗೆ ಹಿಡಿದಂತೆ ಒಂದು ನಿರ್ಮಾಣ ಸಮಿತಿ ಕಟ್ಟಿಕೊಳ್ಳುತ್ತಾರೆ. ಅಧಿಕೃತ ಪೋಸ್ಟರ್‌ನ ಕೆಳಗೆ ಸಣ್ಣಕ್ಷರದಲ್ಲಿ ಹಕ್ಕುದಾರರ ಹೆಸರಿರುತ್ತದೆ. ನಿಮ್ಮ ತುಣುಕಿನಲ್ಲಿ ಸಮಿತಿಯೂ ಇಲ್ಲ, ಮಾಂಗಾದ ಪ್ರಕಾಶಕರಾದ ಹಕುಸೆನ್‌ಶಾ ಹೆಸರೂ ಇಲ್ಲ. ಯಾರೋ ಅಭಿಮಾನಿ ಪ್ರೀತಿಯಿಂದ ಮಾಡಿದ್ದಿರಬೇಕು. ಪ್ರೀತಿಗೆ ಪ್ರಸಾರದ ದಿನಾಂಕ ಇರುವುದಿಲ್ಲ.

ಕೊನೆಮುಟ್ಟಿಸದ ಸಿಟ್ಟು ನ್ಯಾಯವೇ. 1997ರ ಸರಣಿ 25 ಕಂತು ನಡೆದು ‘ಗ್ರಹಣ’ ಎಂಬ ಘೋರ ಪ್ರಸಂಗಕ್ಕೆ ನಿಂತಿತು. ಗಟ್ಸ್ ಒಂದು ಕೈ, ಒಂದು ಕಣ್ಣು ಕಳೆದುಕೊಳ್ಳುವ ಆ ಹೊತ್ತಿನ ಮುಂದೆ ಏನಾಯಿತೆಂದು ಕೇಳಿದರೆ ಪರದೆ ಕಪ್ಪು. 2012 ಮತ್ತು 2013ರಲ್ಲಿ ಬಂದ ಚಲನಚಿತ್ರಗಳು ಅದೇ ಗ್ರಹಣದವರೆಗೆ ನಡೆದವು. 2022ರಲ್ಲಿ ಅವನ್ನೇ ಕಂತುಗಳಾಗಿ ಕತ್ತರಿಸಿ ಟಿವಿಗೆ ಕೊಟ್ಟರು. ಮೂರು ಸಲವೂ ಅದೇ ಬಾವಿಕಟ್ಟೆಯವರೆಗೆ ಹೋಗಿ ಇಣುಕಿ ಹಿಂದಿರುಗಿದ್ದಾಯಿತು. ದಾಟಿದ್ದು 2016ರ ಸರಣಿ ಮಾತ್ರ. ಅದನ್ನು ನೀವು ನೋಡಿಲ್ಲವೆಂದರೆ ಅವಸರವೇನೂ ಇಲ್ಲ. ಕಂಪ್ಯೂಟರ್‌ನಲ್ಲಿ ಮೂಡಿದ ಗಟ್ಸ್ ಕತ್ತಿ ಬೀಸಿದಾಗ ತಗಡು ಬಡಿದ ಸದ್ದು ಬರುತ್ತದೆ.

ಅದಕ್ಕೆ ಬರೀ ಸೋಮಾರಿತನ ಕಾರಣ ಎನ್ನಲಾರೆ. ಮಾಂಗಾ ಬರೆದ ಕೆಂತಾರೊ ಮಿಯುರಾ ಒಂದು ರಕ್ಷಾಕವಚಕ್ಕೆ ಎಳೆದ ಗೆರೆಗಳನ್ನು ಎಣಿಸಿ ನೋಡಿ. ಪುಟದಲ್ಲಿ ಅವನ್ನು ಒಮ್ಮೆ ಎಳೆದರೆ ಮುಗಿಯಿತು. ಅನಿಮೆಯಲ್ಲಿ ಗಟ್ಸ್ ತಲೆ ತಿರುಗಿಸಿದರೆ ಆ ಗೆರೆಗಳೆಲ್ಲವನ್ನೂ ಚಿತ್ರದಿಂದ ಚಿತ್ರಕ್ಕೆ ಮತ್ತೆ ಎಳೆಯಬೇಕು. ಗೆರೆ ಉಳಿಸಿಕೊಂಡರೆ ಖರ್ಚು ಮುಗಿಲಿಗೆ, ಗೆರೆ ಬಿಟ್ಟರೆ ಅದು ಬರ್ಸರ್ಕ್ ಅಲ್ಲ. 2016ರವರು ಕಂಪ್ಯೂಟರ್ ಮೊರೆ ಹೋಗಿದ್ದು ಇದಕ್ಕೇ ಇರಬೇಕೆಂದು ನನ್ನ ಊಹೆ.

ಇನ್ನು ಕೊನೆಯ ಮಾತು. ಯಾವ ಸ್ಟುಡಿಯೊ ಬಂದರೂ ಇಡೀ ಕಥೆಯನ್ನು ಹೇಗೆ ತೋರಿಸಬೇಕು? 1989ರಲ್ಲಿ ಧಾರಾವಾಹಿಯಾಗಿ ಶುರುವಾದ ಮಾಂಗಾ ಮುಗಿಯುವ ಮೊದಲೇ, 2021ರ ಮೇ 6ರಂದು, 54ನೇ ವಯಸ್ಸಿನಲ್ಲಿ ಮಿಯುರಾ ತೀರಿಕೊಂಡರು. ಕಥೆಯ ಅಂತ್ಯವನ್ನು ಸುಮಾರು ಮೂವತ್ತು ವರ್ಷ ಹಿಂದೆ ಅವರು ಒಬ್ಬರಿಗೆ ಹೇಳಿದ್ದರು: ಹೈಸ್ಕೂಲಿನ ಗೆಳೆಯ, ಸ್ವತಃ ಮಾಂಗಾಕಾರರಾದ ಕೋಜಿ ಮೋರಿ. 2022ರ ಜೂನ್‌ನಿಂದ ಮೋರಿಯವರ ಮೇಲ್ವಿಚಾರಣೆಯಲ್ಲಿ ಮಿಯುರಾ ಅವರ ಶಿಷ್ಯರೇ ಚಿತ್ರ ಬರೆಯುತ್ತಿದ್ದಾರೆ. ಮಿಯುರಾ ಹೇಳಿದ್ದನ್ನಷ್ಟೇ ಬರೆಯುತ್ತೇವೆ, ಸ್ಪಷ್ಟ ನೆನಪಿಲ್ಲದ್ದನ್ನು ತುಂಬಿಸುವುದಿಲ್ಲ ಎಂಬುದು ಮೋರಿ ಹಾಕಿಕೊಂಡ ಕಟ್ಟುಪಾಡು.

ಇದನ್ನು ಓದಿದಾಗ ನನಗೆ ನೆನಪಾದವನು ತಿಮ್ಮಣ್ಣ ಕವಿ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ಮುಂದುವರಿಸಿದವನು ಅವನು. ಆದರೆ ತಿಮ್ಮಣ್ಣನಿಗೆ ಸಂಸ್ಕೃತದ ಮೂಲ ಎದುರಿಗಿತ್ತು. ಮೋರಿಯವರ ಎದುರಿಗೆ ಇರುವುದು ಗೆಳೆಯನ ಮಾತಿನ ನೆನಪು, ಅದೂ ಮೂವತ್ತು ವರ್ಷ ಹಳೆಯದು. ಹಾಗಾಗಿ ಅನಿಮೆ ಯಾವಾಗ ಎಂಬ ನಿಮ್ಮ ಕುತೂಹಲಕ್ಕಿಂತ ಅವರು ಮುಂದಿನ ಅಧ್ಯಾಯಕ್ಕೆ ಏನು ನೆನೆಸಿಕೊಳ್ಳುತ್ತಾರೆ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ತಾಳ್ಮೆಯ ವಿಚಾರ. ಕಥೆಯಲ್ಲಿ ಗಟ್ಸ್ ಒಮ್ಮೆ ಹಡಗು ಹತ್ತುತ್ತಾನೆ. ಅವನು ದಡ ಸೇರುವುದನ್ನು ನೋಡಲು ಆಗಿನ ಓದುಗರು ವರ್ಷಗಟ್ಟಲೆ ಕಾದರು. ಅಭಿಮಾನಿಗಳಲ್ಲಿ ಅದು ಇಂದಿಗೂ ತಮಾಷೆಯ ಮಾತು. ನೀವು ಈಗ ಓದಲು ಕೂತರೆ ಆ ಸಮುದ್ರವನ್ನು ಎರಡು ಭಾನುವಾರಗಳಲ್ಲಿ ದಾಟುತ್ತೀರಿ. ದಾಟಿದ ಮೇಲೆ ಇನ್ನೊಂದು ಪತ್ರ ಬರೆಯಿರಿ.

— ಸಂಪಾದಕ