ಏನೂ ತರಿಸಬೇಡಿ, ಫಲಾವಳಿಗೆ ಕರೆಯಿರಿ

ಓದುಗರ ಪತ್ರ: "ಚೌತಿಗೆ ಬೆಂಗಳೂರಿನಿಂದ ಮೊಮ್ಮಕ್ಕಳಿಬ್ಬರು ಬರುತ್ತಾರೆ. ಹುಡುಗಿಗೆ 6 ವರ್ಷ, ಹುಡುಗನಿಗೆ 3. ಹೋದ ವರ್ಷ ತಂದಿಟ್ಟ ಆಟದ ಸಾಮಾನು ಸಂಜೆಯೊಳಗೆ ಮೂಲೆ ಸೇರಿ, ಮತ್ತೆ ಮೊಬೈಲೇ ಕೈಗೆ ಬಂತು. ಒಳಗೆ ಬಿಟ್ಟುಕೊಂಡರೆ ಮಡಿಯೂ ಕೆಟ್ಟಿತು, ಕೆಲಸವೂ ಕೆಟ್ಟಿತು. ಈ ಸಲ ಏನು ತರಿಸಲಿ?" (ಶಿರಸಿ ಸಮೀಪದ ಅಜ್ಜಿಯೊಬ್ಬರು)

ಸಂಪಾದಕರ ಉತ್ತರ:

ಏನೂ ತರಿಸಬೇಡಿ, ಅಮ್ಮಾ.

ಮಡಿಯ ಮಾತು ಒಪ್ಪಿದೆ. ನೈವೇದ್ಯದ ಒಲೆಯ ಹತ್ತಿರ, ಕಾದ ಎಣ್ಣೆಯ ಹತ್ತಿರ ಮೂರು ವರ್ಷದ ಮಗುವಿಗೆ ಏನು ಕೆಲಸ? ಬಂದ ಮಕ್ಕಳ ಕೈಗೆ ಒಂದು ಆಟಿಕೆ ಕೊಟ್ಟರೆ ಲೋಕ ಮುಳುಗುವುದೂ ಇಲ್ಲ. ಆದರೆ ಕೆಲಸ ಕೆಟ್ಟಿತು ಎಂದಿರಲ್ಲ, ಅಲ್ಲೇ ನಮ್ಮ ನಿಮ್ಮ ತಕರಾರು. ಸಣ್ಣ ಕೈಗೆ ಹೊಂದುವ ಹಾಗೆ ಕೆಲಸ ಜೋಡಿಸಿಕೊಡದೆ, ಕೆಟ್ಟ ಮೇಲೆ ಮಗುವನ್ನು ಬೈಯುವುದು ಯಾವ ನ್ಯಾಯ?

ಗಣಪತಿಯ ಮೇಲೆ ಹಣ್ಣು ಕಾಯಿ ಕಟ್ಟಿ ತೂಗುಹಾಕುವ ಫಲಾವಳಿಯನ್ನೇ ತೆಗೆದುಕೊಳ್ಳಿ. ಎಷ್ಟೋ ಮನೆಗಳಲ್ಲಿ ಚೌಕಟ್ಟನ್ನು ಮೊದಲೇ ಮೇಲೆ ತೂಗುಹಾಕಿ, ಯಾರೋ ಒಬ್ಬರು ಸ್ಟೂಲು ಹತ್ತಿ ಕಾಯಿ ಕಟ್ಟುತ್ತಾರೆ. ಮಕ್ಕಳು ಕತ್ತೆತ್ತಿ ನೋಡಿದ್ದೇ ಬಂತು, ಹತ್ತು ನಿಮಿಷಕ್ಕೆ ಬೇಜಾರು. ಈ ಕ್ರಮ ತಿರುಗಿಸಿ. ಚೌಕಟ್ಟನ್ನು ಜಗುಲಿಯಲ್ಲಿ ಎರಡು ಸ್ಟೂಲುಗಳ ಮೇಲೆ ಅಡ್ಡ ಇಟ್ಟರೆ ಅದು ಆರು ವರ್ಷದವಳ ಎದೆಮಟ್ಟಕ್ಕೆ ಬರುತ್ತದೆ. ಅಂಬಟೆ, ಬಿಂಬಲ, ದಾರೆಹುಳಿ, ಹಾಗಲ, ಹಸಿ ಅಡಿಕೆಯ ಪುಟ್ಟ ಗೊಂಚಲು, ಮಾವಿನ ಟೊಂಗೆ ಇವೆಲ್ಲ ಅವಳ ಪಾಲು. ಚಿಕ್ಕವನು ಬುಟ್ಟಿಯಿಂದ ಒಂದೊಂದೇ ಹೆಕ್ಕಿ, ಮೂಸಿ, ಹೆಸರು ಕೇಳಿ ತಂದುಕೊಡಲಿ. ಕಟ್ಟಿ ಮುಗಿದ ಮೇಲೆ ದೊಡ್ಡವರಿಬ್ಬರು ಎತ್ತಿ ತೂಗುಹಾಕಬೇಕು. ತೆಂಗಿನಕಾಯಿ, ಮೊಗೆಕಾಯಿ, ಸಿಹಿಗುಂಬಳ ಕಟ್ಟುವುದು ಆಮೇಲೆ, ಅದೂ ನಾಲ್ಕು ಮೂಲೆಗಳ ಹತ್ತಿರ. ಭಾರ ನಡುವೆ ಬಿದ್ದರೆ ಚೌಕಟ್ಟು ಜೋತುಬೀಳುತ್ತದೆ.

ಬಾಳೆನಾರನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿಡಿ. ಒಣನಾರು ಗಂಟು ಬಿಗಿಯುವಾಗಲೇ ತುಂಡಾಗುತ್ತದೆ, ಮಗು ತನ್ನದೇ ತಪ್ಪೆಂದುಕೊಂಡು ಎದ್ದುಹೋಗುತ್ತದೆ. ಅವಳಿಗೆ ಎಳೆದರೆ ಬಿಗಿಯುವ ಒಂದು ಜೀರುಕುಣಿಕೆ ಕಲಿಸಿದರೆ ಸಾಕು. ತೊಟ್ಟಿಗೆ ಕುಣಿಕೆ ಹಾಕಿದ ಕಾಯಿ ಎರಡು ದಿನಕ್ಕೆ ತೊಟ್ಟು ಬಾಡಿ ಕೆಳಗೆ ಬೀಳುತ್ತದೆ, ಆದ್ದರಿಂದ ನಾರು ಕಾಯಿಯ ಮೈಗೂ ಒಂದು ಸುತ್ತು ಬರಲಿ. ಇನ್ನೊಂದು, ಇದನ್ನು ಮರೆಯಬೇಡಿ: ಗೌರಿಹೂವಿನ (ಅಗ್ನಿಶಿಖೆಯ) ಬಳ್ಳಿಯ ಎಲ್ಲ ಭಾಗವೂ ವಿಷ, ಗೆಡ್ಡೆಯಂತೂ ಘೋರ. ಕಾಸರಕದ ಕಾಯಿ ಕಿತ್ತಳೆಯಂತೆ ಚೆಂದ ಕಂಡರೂ ಬೀಜದಲ್ಲಿ ಜೀವ ತೆಗೆಯುವ ವಿಷವಿದೆ. ಇವೆರಡು ಮಕ್ಕಳ ಬುಟ್ಟಿಗೆ ಬೇಡ. ದೊಡ್ಡವರೇ ಕಟ್ಟಿ, ಏಕೆಂದು ಮಕ್ಕಳಿಗೆ ಹೇಳಿ, ಕೈ ತೊಳೆದುಕೊಳ್ಳಲಿ.

ಇನ್ನು ಚಕ್ಕುಲಿ. ಚಕ್ಕುಲಿ ಕಂಬಳ ನಡೆಯುವ ಸೀಮೆಯವರು ನೀವು. ಕೇರಿಯವರೆಲ್ಲ ಒಂದು ಮನೆಯಲ್ಲಿ ಸೇರಿ ಕೈಚಕ್ಕುಲಿ ಸುತ್ತುವ ಆ ಪದ್ಧತಿ ಇರುವ ಊರಲ್ಲಿ ಮಕ್ಕಳನ್ನು ಆಚೆ ಕಳಿಸುವುದೇ? 4 ಲೋಟ ಅಕ್ಕಿಹಿಟ್ಟು, 1 ಲೋಟ ಹುರಿದ ಉದ್ದಿನ ಹಿಟ್ಟು, 3 ಚಮಚ ಬೆಣ್ಣೆ, ಎಳ್ಳು, ಓಮ, ಉಪ್ಪು, ಬಿಸಿನೀರು ಎಂದು ನಿಮಗೆ ಹೇಳಿಕೊಡುವ ಅಗತ್ಯವಿಲ್ಲ. ಹೇಳಬೇಕಾದದ್ದು ಮಕ್ಕಳ ಪಾಲಿನ ಹಿಟ್ಟಿನ ಬಗ್ಗೆ. ನಾದಿದ್ದರಲ್ಲಿ ಒಂದು ಕಿತ್ತಳೆ ಗಾತ್ರದ ಉಂಡೆ ತೆಗೆದು ಒದ್ದೆ ಬಟ್ಟೆ ಮುಚ್ಚಿ ಬೇರೆ ಇಡಿ. ನೀವು ಹತ್ತು ಸುತ್ತುವಷ್ಟರಲ್ಲಿ ಮಗು ಒಂದು ಸುತ್ತುತ್ತದೆ, ಅಷ್ಟರಲ್ಲಿ ಹಿಟ್ಟು ಒಣಗಿ ಬಿರುಕು ಬಿಡುತ್ತದೆ. ಹುರಿ ಹಾಕಿ ಸುತ್ತುವುದು ಆರರ ಕೈಗೆ ಇನ್ನೂ ಕಷ್ಟ. ಬಾಳೆಲೆಯ ಮೇಲೆ ಹೊಸೆದು ಸುರುಳಿ ಮಾಡಿದರೆ ಆಯಿತು. ಆ ಸುರುಳಿಯ ಒಂದು ತುದಿ ಇಲಿಬಾಲ, ಇನ್ನೊಂದು ತುದಿ ಹೆಬ್ಬೆರಳು. ಉಳಿದವುಗಳ ಜೊತೆ ಒಂದೇ ಬಾಣಲೆಗೆ ಬಿಟ್ಟರೆ ಬಾಲ ಕರಕಲು, ಹೆಬ್ಬೆರಳ ಒಳಗೆ ಹಸಿಹಿಟ್ಟು. ಇವನ್ನು ಬೇರೆಯಾಗಿ, ಸಣ್ಣ ಉರಿಯಲ್ಲಿ, ನೊರೆ ಪೂರ್ತಿ ಅಡಗುವ ತನಕ ಬೇಯಿಸಿ. ನೆಂಟರ ತಟ್ಟೆಗೆ ಇವೂ ಹೋಗಲಿ, ಡಬ್ಬದ ತಳದಲ್ಲಿ ಅಡಗಿಸಬೇಡಿ.

ಮೂರು ವರ್ಷದವನಿಗೆ ಮಣ್ಣು ಕೊಡಿ. ಅರ್ಧ ಕಿಲೋ ಜೇಡಿಮಣ್ಣಿನಲ್ಲಿ ಅಂಗೈ ಗಾತ್ರದ ಗಣಪತಿಯಾಗುತ್ತದೆ. ಸೊಂಡಿಲು ಉದುರುವುದು ನಯವಾದ ಮೈಗೆ ಹಾಗೇ ಒತ್ತಿದ್ದರಿಂದ. ಎರಡೂ ಕಡೆ ಕಡ್ಡಿಯಿಂದ ಗೀಚಿ, ತೆಳು ಕೆಸರು ಸವರಿ ಕೂಡಿಸಬೇಕು. ಒಲೆಯ ಬದಿಗಿಟ್ಟು ಅವಸರದಲ್ಲಿ ಒಣಗಿಸಿದರೆ ಬಿರಿಯುತ್ತದೆ. ವಿಸರ್ಜನೆಯ ಹೊತ್ತಿಗೆ ಚೆನ್ನಾಗಿ ಒಣಗಿದ ಮಣ್ಣು ಬಕೆಟ್ಟಿನ ನೀರಿನಲ್ಲಿ ಗುಳ್ಳೆ ಬಿಡುತ್ತ ಬೇಗ ಕಳಚಿಕೊಳ್ಳುತ್ತದೆ, ಅರೆಹಸಿಯದು ಮುದ್ದೆಯಾಗಿ ಕೂತೇಬಿಡುತ್ತದೆ.

ಪೇಟೆಯಲ್ಲೀಗ ಪ್ಲಾಸ್ಟಿಕ್ ಹಣ್ಣಿನ ಮಾಲೆ ಸಿಗುತ್ತದೆ, ಹಿಗ್ಗಿನಿಂದ ತಂದು ತೂಗುಹಾಕುವವರೂ ಇದ್ದಾರೆ. ಶಾಲೆಗಳು ಪರಿಸರಸ್ನೇಹಿ ಗಣಪತಿ ಮಾಡಿ ತನ್ನಿ ಎನ್ನುತ್ತವೆ, ರಾತ್ರಿ ಹತ್ತಕ್ಕೆ ಅದನ್ನು ಮಾಡುವವರು ಅಪ್ಪ ಅಮ್ಮ, ಬಹುಮಾನ ಮಗುವಿಗೆ. ಕಾರವಾರದಿಂದ ಭಟ್ಕಳದವರೆಗೆ ಸಾರ್ವಜನಿಕ ಪೆಂಡಾಲುಗಳಲ್ಲಿ ಮಕ್ಕಳಿಗೆಂದು ಏನಿದೆ? ಧ್ವನಿವರ್ಧಕ, ಮೊದಲ ಸಾಲಿನ ಕುರ್ಚಿ, ಕೊನೆಗೊಂದು ಚಮಚ ಪಂಚಕಜ್ಜಾಯ. ಹಬ್ಬದ ಮುಕ್ಕಾಲು ಪಾಲು ಮುಂಚಿನ ವಾರದ ಗಡಿಬಿಡಿಯಲ್ಲಿದೆ, ಅದನ್ನೇ ಮಕ್ಕಳಿಂದ ಕಸಿದುಕೊಂಡು, ಈಗಿನ ಮಕ್ಕಳಿಗೆ ಹಬ್ಬದ ಮೇಲೆ ಆಸೆಯಿಲ್ಲ ಎಂದು ಗೊಣಗುತ್ತೇವೆ.

ಇದಕ್ಕೆಲ್ಲ ದಿನ ಬೇಕು. ಗೌರಿಹಬ್ಬದ ರಾತ್ರಿ ಬಸ್ಸು ಹತ್ತಿ, ಚೌತಿಯ ಬೆಳಿಗ್ಗೆ ಕಣ್ಣುಜ್ಜುತ್ತ ಇಳಿದು, ಮಾರನೇ ದಿನ ಹೊರಡುವವರಿಗೆ ಮಂಗಳಾರತಿಯ ಫೋಟೋ ಮಾತ್ರ ದಕ್ಕುತ್ತದೆ. ಮಗನಿಗೆ ಇವತ್ತೇ ಫೋನು ಮಾಡಿ. ಅವನಿಗೆ ರಜೆ ಸಿಗದಿದ್ದರೆ ಸೊಸೆಯೂ ಮಕ್ಕಳೂ ನಾಲ್ಕು ದಿನ ಮುಂಚೆ ಬರಲಿ, ಅವಳಿಗೂ ರಜೆಯಿಲ್ಲದಿದ್ದರೆ ನೀವೇ ಹೋಗಿ ಮಕ್ಕಳನ್ನು ಕರೆತನ್ನಿ. ಜೇಡಿಮಣ್ಣಿಗೆ ಮಾತ್ರ ಈಗಲೇ ಹೇಳಿಡಿ. ಮಳೆಗಾಲದಲ್ಲಿ ಅಂಗೈ ಗಾತ್ರದ ಮೂರ್ತಿ ನೆರಳಲ್ಲಿ ಒಣಗಲಿಕ್ಕೂ ಮೂರು ನಾಲ್ಕು ದಿನ ಹಿಡಿಯುತ್ತದೆ.